ನೆತ್ತರಿನ ಚಕ್ಕಡಿಗಳು

ಹಿಂದಿನ ಸಂಚಿಕೆಯಲ್ಲಿ ನಾವು ಶ್ವಾಸಕೋಶಗಳ ರಚನೆಯನ್ನು ಕುರಿತು ನಾಲ್ಕು ಮಾತು ಬರೆದು, ಒಳಗೆ ಸೆಳೆದುಕೊಂಡ ಗಾಳಿಯು ಅಲ್ಲಿಯ ಸೂಕ್ಷ್ಮವಾದ ಗುಳ್ಳೆಗಳ ವರೆಗೆ ಹೇಗೆ ಬರುವುದೆಂಬಲ್ಲಿಗೆ ನಿಲ್ಲಿಸಿದ್ದೆವು. ಅಲ್ಲಿಂದ ಮುಂದೆ ಅದು ಕಾಲ್ಬೆರಳಿನ ತುದಿಯ ತನಕ, ಮಿದುಳಿನ ಒಳಮೂಲೆಯ ತನಕ, ಬಸುರಿಯ ಹೊಟ್ಟೆಯೊಳಗಿನ ಕೂಸಿನ ತನಕ ಹೇಗೆ ಹೋಗಿ ಮುಟ್ಟುವುದೆಂಬುದನ್ನು ಈ ಸಲ ವಿಚಾರಿಸುವೆವು. ವಿಷಯವು ಮೇಲುನೋಟಕ್ಕೆ ಶಾಲೆಯ ಪಾಠದಂತೆ ಕಂಡರೂ ಸಂಸಾರಸ್ಥರಿಗೆ ಇದು ಅತ್ಯಂತ ಬೇಕಾದ ವಿಷಯವೆಂದು ನಮಗೆ ತೋರುವುದು. ಅದೇಕೆಂಬುದು ಓದುತ್ತ ಹೋದಂತೆ ವಾಚಕರಿಗೇ ತಿಳಿಯುವುದು.

ಮೊದಲು ಹೆಸರಿನ ಮಾತು. ಗಾಳಿಯಲ್ಲಿ ಐದನೆಯ ಒಂದು ಪಾಲಿನಷ್ಟಿದ್ದು ಬೆಂಕಿಯನ್ನೂ ಜೀವವನ್ನೂ ಉಳಿಸುವ ಈ ಅನಿಲಕ್ಕೆ ನಾವು ಆಮ್ಲಜನಕವೆನ್ನುತ್ತೇವೆ. ಫ್ರಾನ್ಸ್ ದೇಶದ ಲವಾಸಿಯೆ ಎಂಬ ಪಂಡಿತನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಎಲ್ಲ ಆಮ್ಲಗಳಿಗೂ ಇದೇ ಮೂಲವೆಂದು ಬಗೆದು, 'ಆಮ್ಲವನ್ನು ಹುಟ್ಟಿಸುವಂಥದು' ಎಂಬರ್ಥದ ಹೆಸರನ್ನು ಗ್ರೀಕ್ ಭಾಷೆಯಿಂದ ಕಟ್ಟಿಕೊಟ್ಟನು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇದರ ಲವಲೇಶವೂ ಇಲ್ಲವೆಂದು ತೋರಿಸಿದನು. ಹೀಗೆ ಕಲ್ಪನೆಯು ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ನಮ್ಮವರು ಆ ತಪ್ಪನ್ನು ನಿಷ್ಠೆಯಿಂದ ಸಂಸ್ಕೃತಕ್ಕೆ ತಿರುಗಿಸಿಕೊಂಡರು. ಪ್ರಾಣವಾಯುವೆಂಬ ಹೆಸರು ಕಿವಿಗೆ ಇಂಪಾದರೂ ಶಾಸ್ತ್ರದೃಷ್ಟಿಯಿಂದ ಅದು ಇನ್ನೂ ತೊಡಕಿನದು. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನಗಳೆಂದು ನಮ್ಮವರು ಎಣಿಸಿದ ಪಂಚವಾಯುಗಳು ದೇಹದ ಚಲನವ್ಯಾಪಾರಗಳೇ ಹೊರತು ಸೀಸೆಯಲ್ಲಿ ತುಂಬಿಡಬಹುದಾದ ಅನಿಲಗಳಲ್ಲ. ಅಷ್ಟಕ್ಕೂ ಹೃದಯದಲ್ಲಿ ನೆಲಸಿ ದೇಹವೆಲ್ಲ ಸಂಚರಿಸುವುದೆಂದು ವಾಗ್ಭಟನು ಹೇಳಿದ್ದು ವ್ಯಾನವನ್ನು, ಪ್ರಾಣವನ್ನಲ್ಲ. ಆದುದರಿಂದ ತಪ್ಪುಗಳೆರಡರಲ್ಲಿ ರೂಢಿಯಾದುದನ್ನೇ ಹಿಡಿದು ಆಮ್ಲಜನಕವೆಂದೇ ಬರೆಯುವೆವು.

ಗಾಳಿಯು ಶ್ವಾಸಕೋಶಕ್ಕೆ ಬಂತು, ರಕ್ತವೂ ಅಲ್ಲಿಗೆ ಬಂತು; ಸಕ್ಕರೆಯು ನೀರಿನಲ್ಲಿ ಕರಗುವಂತೆ ಆಮ್ಲಜನಕವು ರಕ್ತದಲ್ಲಿ ಕರಗಿಹೋದರೆ ಸಾಲದೆ? ಸಾಲದು. ಲೆಕ್ಕ ನೋಡಿರಿ. ಸುಮ್ಮನೆ ಕುಳಿತ ಮನುಷ್ಯನಿಗೂ ನಿಮಿಷಕ್ಕೆ ಸುಮಾರು 250 ಮಿಲಿಲೀಟರು ಆಮ್ಲಜನಕವು ಬೇಕು. ರಕ್ತದ ನೀರಿನಂಶದಲ್ಲಿ ತಾನಾಗಿ ಕರಗುವುದು ಲೀಟರಿಗೆ ಮೂರೇ ಮಿಲಿಲೀಟರು. ಕರಗಿದ್ದರಿಂದಲೇ ಬದುಕಬೇಕಾದರೆ ಹೃದಯವು ನಿಮಿಷಕ್ಕೆ ಎಂಬತ್ತು ಲೀಟರಿಗಿಂತ ಹೆಚ್ಚು ರಕ್ತವನ್ನು ತಳ್ಳಬೇಕಾದೀತು. ಬಾವಿಯ ಮೇಲೆ ಕೂಡ್ರಿಸುವ ಪಂಪು ಆ ಕೆಲಸವನ್ನು ಮಾಡೀತು. ಎದೆಯೊಳಗಿನ ಮುಷ್ಟಿಗಾತ್ರದ ಮಾಂಸಪಿಂಡದಿಂದ ಅದಾಗದು. ಅದು ವಿಶ್ರಾಂತಿಯಲ್ಲಿ ತಳ್ಳುವುದು ನಿಮಿಷಕ್ಕೆ ಐದು ಲೀಟರು ಮಾತ್ರ. ಹೀಗಿದ್ದರೂ ನಾವು ಬದುಕಿದ್ದೇವೆ. ಏಕೆಂದರೆ ರಕ್ತದಲ್ಲಿ ಈ ಸರಕನ್ನು ಹೊರುವುದಕ್ಕೆಂದೇ ಚಕ್ಕಡಿಗಳು ಓಡಾಡುತ್ತವೆ.

ಆ ಚಕ್ಕಡಿಗಳೇ ರಕ್ತಕ್ಕೆ ಕೆಂಪನ್ನು ಕೊಡುವ ಕೆಂಪು ಕಣಗಳು. ಸಾಸಿವೆಯ ಕಾಳಿಗಿಂತ ಚಿಕ್ಕದಾದ, ಒಂದು ಮಿಲಿಮೀಟರು ಉದ್ದ-ಅಗಲ-ಎತ್ತರದ ರಕ್ತದ ಹನಿಯಲ್ಲಿ ಇವು 45 ರಿಂದ 50 ಲಕ್ಷದಷ್ಟು ಇರುವವು. ಮೈಯಲ್ಲಿರುವ ಐದು ಲೀಟರಿಗೆ ಒಟ್ಟು ಲೆಕ್ಕ ಹಾಕಿದರೆ 25 ಲಕ್ಷ ಕೋಟಿಯ ಸುಮಾರು ಆಗುವುದು. ಆಕಾರವು ಎರಡೂ ಮಗ್ಗುಲು ನಡುವೆ ತಗ್ಗಾದ ಬಿಲ್ಲೆಯಂತೆ. ಕೆಲವೆಡೆ ತನಗಿಂತಲೂ ಸಪೂರವಾದ ಸಂದಿಯಲ್ಲಿ ಮಡಚಿಕೊಂಡು ನುಸುಳಿಹೋಗುವಷ್ಟು ಮೆತ್ತಗೆ. ಇವುಗಳ ಒಂದು ಗುಣವು ನಮಗೆ ಬಹಳ ಮೆಚ್ಚಿಗೆಯಾದುದು. ದೇಹದ ಇತರ ಕಣಗಳೆಲ್ಲ ಆಮ್ಲಜನಕವನ್ನು ಉಪಯೋಗಿಸಿಯೇ ಬದುಕುವವು. ಕೆಂಪು ಕಣವಾದರೋ ಅದನ್ನು ಉಪಯೋಗಿಸುವ ಅಂಗವನ್ನೇ ಹುಟ್ಟುವಾಗ ಕಳಚಿಹಾಕಿ, ಕಣದ ಬೀಜವನ್ನೂ ಹೊರಗೆ ಬಿಸುಟು, ಬರಿಯ ಚೀಲವಾಗಿ ಹೊರಡುವುದು. ತಾನು ಹೊತ್ತ ಸರಕಿನಲ್ಲಿ ಚಿಟಿಕೆಯನ್ನೂ ತಾನು ತಿನ್ನದು. ಇಂತಹ ಚಕ್ಕಡಿಕಾರನು ನಮ್ಮ ಅಡತಿ ಅಂಗಡಿಗಳವರಿಗೆ ಸಿಕ್ಕಿದ್ದರೆ ಏನೆನ್ನುತ್ತಿದ್ದರೋ! ಹೀಗೆ 120 ದಿವಸ ದುಡಿದು ಅದು ಸವೆದುಹೋಗುವುದು. ಎಲುಬಿನೊಳಗಿನ ಮಜ್ಜೆಯು ಕ್ಷಣಕ್ಕೆ 20 ಲಕ್ಷಕ್ಕೂ ಮಿಕ್ಕಿ ಹೊಸ ಕಣಗಳನ್ನು ಮಾಡಿ ಕಳಿಸುತ್ತಲೇ ಇರುವುದು.

ಆ ಚೀಲದಲ್ಲಿ ಏನಿದೆ? 1864ರಲ್ಲಿ ಜರ್ಮನಿಯ ಹೊಪ್ಪೆ-ಸೈಲರನು ಹಿಮೋಗ್ಲೋಬಿನ್ ಎಂದು ಹೆಸರಿಟ್ಟ ದ್ರವ್ಯವು ತುಂಬಿರುವುದು; ಒಂದೊಂದು ಕಣದಲ್ಲಿ ಅದರ ಸುಮಾರು 27 ಕೋಟಿ ಅಣುಗಳು. ಒಂದೊಂದು ಅಣುವಿನಲ್ಲಿ ನಾಲ್ಕು ಕಡೆ ಕಬ್ಬಿಣದ ಒಂದೊಂದು ಪರಮಾಣುವು ಕುಳಿತಿರುವುದು. ಆಮ್ಲಜನಕವು ಬಂದು ಅಂಟಿಕೊಳ್ಳುವುದು ಈ ಕಬ್ಬಿಣಕ್ಕೇ. ಅಟ್ಟದ ಮೇಲೆ ಬಿದ್ದ ಹಳೆಯ ಕುಡಗೋಲಿಗೂ ಆಮ್ಲಜನಕವು ಅಂಟುವುದು, ಆದರೆ ಅಲ್ಲಿ ಅದು ತುಕ್ಕಾಗಿ ಕೂಡ್ರುವುದು, ಬಿಡಿಸಿದರೆ ಬಿಡದು. ಹಿಮೋಗ್ಲೋಬಿನ್ನಿನ ಚಮತ್ಕಾರವೆಂದರೆ, ಕಬ್ಬಿಣಕ್ಕೆ ತುಕ್ಕು ಹಿಡಿಯಗೊಡದೆ ಆಮ್ಲಜನಕವನ್ನು ಹಿಡಿದುಕೊಳ್ಳುವುದು ಮತ್ತು ಬೇಕಾದಲ್ಲಿ ಬಿಟ್ಟುಕೊಡುವುದು.

ಹಿಡಿಯುವುದು ಎಷ್ಟು ಮುಖ್ಯವೋ ಬಿಡುವುದೂ ಅಷ್ಟೇ ಮುಖ್ಯ. ಬರಿಯ ಹಿಡಿತವೇ ಗಟ್ಟಿಯಾದರೆ ಕಣಗಳು ತುಂಬಿಕೊಂಡೇ ಊರೆಲ್ಲ ಸುತ್ತಿ ತುಂಬಿಕೊಂಡೇ ಮರಳಿ ಬಂದಾವು. ಸಡಿಲವಾದರೆ ದಾರಿಯಲ್ಲೇ ಚೆಲ್ಲಿಬಿಟ್ಟಾವು. ಇದು ಹೇಗೆ ಸಾಧಿಸಿತೆಂಬುದನ್ನು ಕಂಡುಹಿಡಿಯುವುದಕ್ಕೆ ಮ್ಯಾಕ್ಸ್ ಪೆರುಟ್ಜ್ ಎಂಬ ವಿಜ್ಞಾನಿಯು ಕೇಂಬ್ರಿಜ್ಜಿನಲ್ಲಿ 1937ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೊಂದೇ ಅಣುವಿನ ಬೆನ್ನು ಹತ್ತಿ, 1959ರಲ್ಲಿ ಅದರ ಆಕಾರವನ್ನು ಕಂಡನು. 1962ರಲ್ಲಿ ಅವನಿಗೂ ಅವನ ಸಹೋದ್ಯೋಗಿ ಕೆಂಡ್ರೂವಿಗೂ ನೊಬೆಲ್ ಬಹುಮಾನವು ಬಂದಿತು. ತಿಳಿದುಬಂದ ಸಂಗತಿಯನ್ನು ಹೇಳಲು ನಮ್ಮ ಊಟದ ಪಂಕ್ತಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ಎಲೆ ಹಾಕಿದ್ದರೂ ಮೊದಲು ಕೂಡ್ರಲು ಪ್ರತಿಯೊಬ್ಬನೂ ಹಿಂದೆಮುಂದೆ ನೋಡುವನು. ಹಿರಿಯರೊಬ್ಬರು ಕುಳಿತರೆ ಉಳಿದವರು ಸರಸರನೆ ಕುಳಿತುಬಿಡುವರು. ಏಳುವಾಗಲೂ ಹಾಗೆಯೇ, ಒಬ್ಬರು ಎದ್ದರೆಂದರೆ ಪಂಕ್ತಿಯೇ ಏಳುವುದು. ಹಿಮೋಗ್ಲೋಬಿನ್ನಿನ ನಾಲ್ಕು ಸ್ಥಾನಗಳಲ್ಲಿ ಮೊದಲನೆಯದರಲ್ಲಿ ಆಮ್ಲಜನಕವು ಕುಳಿತೊಡನೆ ಅಣುವಿನ ಆಕಾರವೇ ಸ್ವಲ್ಪ ತಿರುಗಿ ಉಳಿದ ಸ್ಥಾನಗಳು ಸುಲಭವಾಗಿ ತೆರೆಯುವವು. ಒಂದು ಎದ್ದುಹೋದರೆ ಉಳಿದವು ಏಳಲು ಹಾದಿಯಾಗುವುದು. ಆದುದರಿಂದ ಆಮ್ಲಜನಕವು ಹೇರಳವಾದ ಶ್ವಾಸಕೋಶದಲ್ಲಿ ಅದು ಒಮ್ಮೆಗೇ ತುಂಬುವುದು, ಕಡಿಮೆಯಿರುವ ಅಂಗಾಂಗಗಳಲ್ಲಿ ಬೇಗನೆ ಬರಿದಾಗುವುದು.

ಇಷ್ಟೇ ಅಲ್ಲ. ಯಾವ ಅಂಗಕ್ಕೆ ಎಷ್ಟು ಬೇಕೆಂಬುದನ್ನು ಚಕ್ಕಡಿಗೆ ಯಾರು ಹೇಳುವರು? ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರನು ತನ್ನ ಇಬ್ಬರು ಸಹಾಯಕರೊಡನೆ 1904ರಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟನು. ಗದ್ದೆಯಲ್ಲಿ ಕೆಸರು ತುಳಿಯುವ ಒಕ್ಕಲಿಗನ ತೊಡೆಯನ್ನು ನೆನೆಯಿರಿ. ದುಡಿಯುವ ಮಾಂಸವು ಇಂಗಾಲದ ಡೈಆಕ್ಸೈಡನ್ನು ಹೊರಡಿಸುವುದು, ಹುಳಿಯಾಗುವುದು, ಬಿಸಿಯಾಗುವುದು. ಈ ಮೂರೂ ಹಿಮೋಗ್ಲೋಬಿನ್ನಿನ ಹಿಡಿತವನ್ನು ಸಡಿಲಿಸುವವು. ಬೇರೆ ಹೇಳಿಕೆಯೇ ಬೇಡ. ದುಡಿತದ ಕಸವೇ ದುಡಿಯುವವನ ಬೇಡಿಕೆಯ ಚೀಟಿಯಾಗುವುದು. ಸುಮ್ಮನೆ ಬಿದ್ದುಕೊಂಡ ಅಂಗಕ್ಕೆ ಕಡಿಮೆ, ದುಡಿಯುವುದಕ್ಕೆ ಹೆಚ್ಚು. ಮರಳುವಾಗ ರಕ್ತವು ಆ ಕಸವನ್ನು ಬಹುಮಟ್ಟಿಗೆ ತನ್ನ ನೀರಿನಲ್ಲಿ ಸೋಡದಂತಹ ಲವಣದ ರೂಪದಲ್ಲಿ ಕರಗಿಸಿಕೊಂಡು ಬಂದು ಶ್ವಾಸಕೋಶದಲ್ಲಿ ಬಿಡುವುದು.

ಇಲ್ಲಿ ಒಂದು ಮಾತು. ನಮ್ಮ ಪಠ್ಯಪುಸ್ತಕಗಳು ಧಮನಿಯದು ಶುದ್ಧರಕ್ತ, ಸಿರೆಯದು ಅಶುದ್ಧರಕ್ತವೆಂದು ಬಹಳ ಕಾಲದಿಂದ ಹೇಳುತ್ತ ಬಂದಿವೆ. ನಮಗೆ ಆ ಮಾತು ಸರಿಬೀಳದು. ವಿಶ್ರಾಂತಿಯಲ್ಲಿರುವವನ ರಕ್ತವು ದೇಹವನ್ನೆಲ್ಲ ಸುತ್ತಿ ಮರಳಿದಾಗಲೂ ನೂರಕ್ಕೆ 75 ಪಾಲು ತುಂಬಿಯೇ ಇರುವುದು. ಖರ್ಚಾಗುವುದು ಕಾಲುಪಾಲು ಮಾತ್ರ. ಮುಕ್ಕಾಲು ಹಗೇವು ತುಂಬಿದ ಮನೆಯನ್ನು ದಿವಾಳಿಯೆನ್ನುವರೆ? ಆ ಮುಕ್ಕಾಲು ಪಾಲು ಆಪತ್ತಿನ ಸಂಗ್ರಹ. ಮುಂಗೈಯ ಸಿರೆಗಳು ನೀಲಿಯಾಗಿ ಕಾಣುವುದೂ ತೊಗಲಿನ ಮೂಲಕ ಬೆಳಕು ಹಾಯುವ ರೀತಿಯಿಂದಲೇ. ಒಳಗಿನ ರಕ್ತವು ನೀಲಿಯಲ್ಲ, ಕಪ್ಪುಗೆಂಪು. ತುಂಬಿದ ಹಿಮೋಗ್ಲೋಬಿನ್ನು ಹೊಳೆಯುವ ಕೆಂಪು, ಬರಿದಾದುದು ಮಂಕು ಕೆಂಪು.

ಈ ಎರಡು ಕೆಂಪುಗಳ ಭೇದವನ್ನೇ ಹಿಡಿದು ಬೆರಳಿಗೆ ಕಚ್ಚಿಸುವ ಆಕ್ಸಿಮೀಟರ್ ಎಂಬ ಯಂತ್ರವು ಹುಟ್ಟಿತು. ಒಂದು ಕೆಂಪು ಬೆಳಕು, ಒಂದು ಕಣ್ಣಿಗೆ ಕಾಣದ ಅವರಕ್ತ ಕಿರಣ. ಎರಡನ್ನೂ ಬೆರಳಿನಲ್ಲಿ ಹಾಯಿಸಿ, ಯಾವುದು ಎಷ್ಟು ಹೀರಲ್ಪಟ್ಟಿತೆಂಬುದನ್ನು ನಾಡಿಯ ಬಡಿತಕ್ಕೆ ತಾಳೆ ನೋಡಿ, ಹಿಮೋಗ್ಲೋಬಿನ್ನು ನೂರಕ್ಕೆ ಎಷ್ಟು ತುಂಬಿದೆಯೆಂದು ಅದು ಹೇಳುವುದು. ನಾಡಿಯನ್ನು ಉಪಯೋಗಿಸಿಕೊಳ್ಳುವ ಈ ಯುಕ್ತಿಯನ್ನು 1974ರಲ್ಲಿ ಹೊರಗೆಡಹಿದವನು ಜಪಾನಿನ ತಕುಓ ಅಒಯಾಗಿ. ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇದ್ದ ಈ ಯಂತ್ರವು 2020-21ರ ಕೊರೋನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಕುಳಿತು ಹಳ್ಳಿಹಳ್ಳಿಗೂ ಬಂದಿತು. 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೋಗಬೇಕೆಂಬುದು ಅಕ್ಷರ ಬಾರದವರಿಗೂ ಬಾಯಿಪಾಠವಾಯಿತು. ಶ್ವಾಸಕೋಶವು ಕೆಟ್ಟು ಚಕ್ಕಡಿಗಳು ಬರಿದಾಗಿ ಹೊರಡುತ್ತಿದ್ದ ಆ ರೋಗದಲ್ಲಿ ಯಂತ್ರವು ಎಷ್ಟೋ ಜೀವಗಳನ್ನು ಉಳಿಸಿತು. ತೋರಿಸಿದ ಮೇಲೂ ಆಮ್ಲಜನಕವಿಲ್ಲದಿದ್ದರೆ ಏನಾಗುವುದೆಂಬುದನ್ನೂ ನಾಡು ಕಂಡಿತು. 2021ರ ಮೇ 2-3ರಂದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಸರಬರಾಜು ಕುಂದಿದ ಸಮಯದಲ್ಲಿ ಒಂದು ಹಗಲಿರುಳಿನೊಳಗೆ 24 ಮಂದಿ ರೋಗಿಗಳು ತೀರಿಕೊಂಡರು. ಆ ದಿವಸಗಳಲ್ಲಿ ರಾಜ್ಯದ ಆಸ್ಪತ್ರೆಗಳಿಗೆ ದ್ರವರೂಪದ ಆಮ್ಲಜನಕವು ಬಹಳವಾಗಿ ಬಂದುದು ಸಂಡೂರು ತಾಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ. ಅದಿರಿನಿಂದ ಕಬ್ಬಿಣ ತೆಗೆಯುವಲ್ಲಿ ಬೇಕಾದ ಅನಿಲವೇ ನೆತ್ತರಿನ ಕಬ್ಬಿಣವು ಹೊರುವ ಅನಿಲವೂ ಹೌದು!

ಆದರೆ ಯಂತ್ರವು ಮನೆಮನೆಗೆ ಬಂದುದರಿಂದ ಒಂದು ಹೊಸ ಭ್ರಮೆಯೂ ಬಂದಿದೆ. ಕೆಲವು ತಿಂಗಳ ಹಿಂದೆ ನಮ್ಮ ಬಮ್ಮಿಗಟ್ಟಿಯ ಹಿರಿಯ ಒಕ್ಕಲಿಗರೊಬ್ಬರು ನಮ್ಮಲ್ಲಿಗೆ ಬಂದು ಕೇಳಿದರು: “ಮಾಸ್ತರ್ರೀ, ಬೆರಳಿಗೆ ಹಚ್ಚೋ ಮಷೀನು 98 ತೋರಸತೈತ್ರಿ. ದವಾಖಾನ್ಯಾಗ ನೋಡಿದ್ರ ಸೊಸಿ ಮೈಯಾಗ ರಕ್ತನ ಇಲ್ಲಂತಾರ್ರಿ. ಇದ್ರಾಗ ಖರೇ ಯಾವುದ್ರಿ?” ಸೊಸೆಯು ಏಳು ತಿಂಗಳ ಬಸುರಿ, ಹಿಮೋಗ್ಲೋಬಿನ್ನು ನೂರು ಮಿಲಿಲೀಟರಿಗೆ ಆರು ಗ್ರಾಂ. ಹುಬ್ಬಳ್ಳಿಗೆ ಹೋಗಿ ಸೇರಬೇಕೆಂದು ವೈದ್ಯರು ಬರೆದುಕೊಟ್ಟಿದ್ದರು. ಯಂತ್ರದ 98ನ್ನು ನಂಬಿ ಇವರು ಎಂಟು ದಿವಸ ಸುಮ್ಮನಿದ್ದರು.

ಎರಡೂ ಖರೆ, ಎಂಬುದೇ ನಾವು ಕೊಟ್ಟ ಉತ್ತರ. ಪೇಟೆಗೆ ಜೋಳ ತರುವ ನೂರು ಚಕ್ಕಡಿಗಳಿದ್ದವು, ನೂರೂ ತುಂಬಿ ಬರುತ್ತಿದ್ದವು. ಈಗ ಐವತ್ತೇ ಉಳಿದಿವೆ, ಐವತ್ತೂ ತುಂಬಿ ಬರುತ್ತಿವೆ. ಅಗಸೆಯಲ್ಲಿ ನಿಂತು 'ಬಂದ ಚಕ್ಕಡಿಗಳಲ್ಲಿ ತುಂಬಿದವು ಎಷ್ಟು?' ಎಂದು ಮಾತ್ರ ನೋಡುವವನು ಅಂದೂ ಎಲ್ಲವೂ ತುಂಬಿವೆಯೆಂದನು, ಇಂದೂ ಎಲ್ಲವೂ ತುಂಬಿವೆಯೆನ್ನುವನು. ಅವನು ಸುಳ್ಳಾಡಲಿಲ್ಲ. ಆದರೆ ಪೇಟೆಗೆ ಬಂದ ಜೋಳವು ಅರ್ಧಕ್ಕಿಳಿಯಿತು. ಆಕ್ಸಿಮೀಟರು ನೋಡುವುದು ತುಂಬಿದ ಪ್ರಮಾಣವನ್ನು, ಚಕ್ಕಡಿಗಳ ಎಣಿಕೆಯನ್ನಲ್ಲ. ಎಣಿಕೆಯನ್ನು ಹೇಳುವುದು ರಕ್ತವನ್ನು ತೆಗೆದು ಮಾಡುವ ಹಿಮೋಗ್ಲೋಬಿನ್ನಿನ ಪರೀಕ್ಷೆಯೊಂದೇ.

ಅಂಕಿಯಲ್ಲಿ ಹೇಳುವುದಾದರೆ, ಒಂದು ಗ್ರಾಂ ಹಿಮೋಗ್ಲೋಬಿನ್ನು ಪೂರ್ತಿ ತುಂಬಿದಾಗ ಹೊರುವುದು 1.34 ಮಿಲಿಲೀಟರು ಆಮ್ಲಜನಕವನ್ನು. ನೂರು ಮಿಲಿಲೀಟರಿಗೆ 12 ಗ್ರಾಂ ಉಳ್ಳ ಹೆಂಗಸಿನ ರಕ್ತವು ಅಷ್ಟರಲ್ಲಿ 16 ಮಿಲಿಲೀಟರನ್ನು ಹೊರುವುದು. 6 ಗ್ರಾಂ ಉಳ್ಳವಳದು 8 ಮಾತ್ರ. ನಿಮಿಷಕ್ಕೆ ಐದು ಲೀಟರಿನಂತೆ ಮೊದಲನೆಯವಳ ಹೃದಯವು 800 ಮಿಲಿಲೀಟರು ಆಮ್ಲಜನಕವನ್ನು ಕಳಿಸಿದರೆ ಎರಡನೆಯವಳದು 400ನ್ನು ಕಳಿಸುವುದು. ಸುಮ್ಮನೆ ಮಲಗಿದವಳಿಗೇ 250 ಬೇಕು. ಬಸುರಿಗೆ ಇನ್ನೂ ಹೆಚ್ಚು. ಉಳಿಯುವುದೇನು? ಆಪತ್ತಿನ ಸಂಗ್ರಹವೆಂದು ಮೇಲೆ ಹೇಳಿದ ಪಾಲು ದಿನದ ಊಟಕ್ಕೇ ಖರ್ಚಾಗುವುದು. ಕೊರತೆಯನ್ನು ತುಂಬಲು ಹೃದಯವು ಬೇಗಬೇಗನೆ ಬಡಿಯಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತ, ತಲೆಸುತ್ತು, ಕಾಲಿನಲ್ಲಿ ಸೋಲು ಇವೆಲ್ಲ ಅದರ ಲಕ್ಷಣಗಳು. ಸೊಸೆಯು ಕೆಲಸಗಳ್ಳಿಯೆಂದು ಅತ್ತೆಯು ದೂರುವ ಎಷ್ಟೋ ಮನೆಗಳಲ್ಲಿ ನಿಜವಾದ ದೋಷವು ಹಿಮೋಗ್ಲೋಬಿನ್ನಿನದೆಂದು ನಮ್ಮ ಅನುಮಾನ. ಇನ್ನು ಹೆರಿಗೆಯಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುವುದು. ಇದ್ದವಳು ತಾಳುವಳು, ಇಲ್ಲದವಳಿಗೆ ಅಷ್ಟೇ ಪ್ರಾಣಕ್ಕೆ ಬರುವುದು. ಇದನ್ನು ಕೇಳಿದ ಮೇಲೆ ಆ ಹಿರಿಯರು ತಡಮಾಡಲಿಲ್ಲ. ಮರುದಿವಸ ಮೊದಲನೆಯ ಬಸ್ಸಿಗೇ ಸೊಸೆಯನ್ನು ಹುಬ್ಬಳ್ಳಿಗೆ ಕರೆದೊಯ್ದರು.

ಇದು ಒಂದು ಮನೆಯ ಸಂಗತಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65. ಬಸುರಿಯಲ್ಲಿ 11 ಗ್ರಾಮಿಗೆ ಕಡಿಮೆಯಾದರೆ ರಕ್ತಹೀನತೆಯೆಂದೂ, 7ಕ್ಕಿಂತ ಇಳಿದರೆ ತೀವ್ರವೆಂದೂ ಎಣಿಸುವರು.

ನಮ್ಮ ಪೂರ್ವಿಕರಿಗೆ ಈ ವ್ಯಾಧಿಯು ಚೆನ್ನಾಗಿ ಗೊತ್ತಿತ್ತು, ಪಾಂಡುರೋಗವೆಂದು ಕರೆದರು. ಪಾಂಡುವೆಂದರೆ ಬಿಳಿಚಿಕೊಂಡ ಬಣ್ಣ. ಪಾಂಡವರ ತಂದೆಗೆ ಆ ಹೆಸರು ಬಂದುದೂ ಆ ವರ್ಣದಿಂದಲೇ. ಚರಕಸಂಹಿತೆಯು ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟು, ಲೋಹದ ಪುಡಿ ಸೇರಿದ ನವಾಯಸವೇ ಮೊದಲಾದ ಔಷಧಗಳನ್ನು ಹೇಳುವುದು. ಕಬ್ಬಿಣದ ಕೊರತೆಗೆ ಕಬ್ಬಿಣವನ್ನೇ ಕೊಡುವ ಈ ಚಿಕಿತ್ಸೆಯು, ರಕ್ತದಲ್ಲಿ ಕಬ್ಬಿಣವಿದೆಯೆಂದು ಯಾರೂ ತೋರಿಸುವ ಮೊದಲೇ ಹುಟ್ಟಿದ್ದು ಆಶ್ಚರ್ಯ. ಆದರೆ ಇದರ ಮೇಲಿಂದ ಎಲ್ಲವೂ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಹೇಳಹೊರಡುವವರ ಜೊತೆಗೆ ನಾವು ಬರಲಾರೆವು. ಅನ್ನರಸವು ಯಕೃತ್ ಪ್ಲೀಹಗಳಲ್ಲಿ ಬಣ್ಣವೇರಿ ರಕ್ತವಾಗುವುದೆಂದು ಸುಶ್ರುತನು ಹೇಳುವನು. ಹೊಟ್ಟೆಯೊಳಗಿನ ಶಿಶುವಿನಲ್ಲಿ ಕೆಲವು ತಿಂಗಳು ಯಕೃತ್ತು ಪ್ಲೀಹಗಳು ರಕ್ತಕಣಗಳನ್ನು ಮಾಡುವುದು ನಿಜ; ಬೆಳೆದವರಲ್ಲಿ ಆ ಕೆಲಸವು ಮಜ್ಜೆಯದು, ಯಕೃತ್ ಪ್ಲೀಹಗಳು ಹಳೆಯ ಕಣಗಳನ್ನು ಒಡೆದು ಕಬ್ಬಿಣವನ್ನು ಕೂಡಿಡುವ ಉಗ್ರಾಣಗಳು. ಮಹರ್ಷಿಗಳು ಕಣ್ಣಿಗೆ ಕಂಡುದನ್ನು ಶ್ರದ್ಧೆಯಿಂದ ನೋಡಿದರು, ಅವರಿಗೆ ಸೂಕ್ಷ್ಮದರ್ಶಕವಿರಲಿಲ್ಲ. ಹೀಗೆ ಹೇಳುವುದರಲ್ಲಿ ಅವರಿಗೆ ಅಗೌರವವೇನೂ ಇಲ್ಲ. ಇಂದು ಹೆಸರಿಲ್ಲದ ಭಸ್ಮಗಳನ್ನು ತಂದು ಬಸುರಿಯರಿಗೆ ತಿನ್ನಿಸುವುದು ಮಾತ್ರ ಅವಿವೇಕವೇ ಸರಿ.

ಬೆಳೆದ ಗಂಡಸಿನ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿದರೂ ಮೂರು-ನಾಲ್ಕು ಗ್ರಾಂ, ಎಂದರೆ ತೊಲೆಯ ಮೂರನೆಯ ಒಂದು ಪಾಲು. ಹೆಂಗಸಿನಲ್ಲಿ ಇನ್ನೂ ಕಡಿಮೆ. ಅದರಲ್ಲಿ ಮೂರರಲ್ಲೆರಡು ಪಾಲು ರಕ್ತದಲ್ಲೇ ಇರುವುದು. ಸವೆದ ಕಣಗಳ ಕಬ್ಬಿಣವನ್ನು ದೇಹವು ಒಂದಿಷ್ಟೂ ಚೆಲ್ಲದೆ ಮರಳಿ ಹೊಸ ಕಣಗಳಿಗೆ ಹಾಕುವುದು. ಆದುದರಿಂದ ದಿನಕ್ಕೆ ಒಂದೆರಡು ಮಿಲಿಗ್ರಾಂ ಒಳಗೆ ಹೀರಿದರೆ ಸಾಕು. ಆದರೆ ಹೆಂಗಸರಿಗೆ ತಿಂಗಳು ತಿಂಗಳೂ ವ್ಯಯವುಂಟು. ಬಸುರಿನ ಒಂಬತ್ತು ತಿಂಗಳಲ್ಲಿ ತಾಯಿಗೂ ಕೂಸಿಗೂ ಸೇರಿ ಹೆಚ್ಚಿಗೆ ಬೇಕಾಗುವ ಕಬ್ಬಿಣವು ಸುಮಾರು ಒಂದು ಗ್ರಾಂ, ಎಂಟು ಗುಲಗಂಜಿಯ ತೂಕ. ಮಾತಿಗೆ ಅಲ್ಪ, ಊಟದಿಂದ ಅಷ್ಟನ್ನು ಕೂಡಿಸುವುದು ಮಾತ್ರ ಬಲು ಕಷ್ಟ. ಬರಿಗಾಲಿನಿಂದ ಗದ್ದೆಯ ಹಸಿಮಣ್ಣನ್ನು ತುಳಿಯುವವರ ಕಾಲಿನ ತೊಗಲಿನೊಳಗಿಂದ ಹೊಕ್ಕು ಕರುಳಿನಲ್ಲಿ ನೆಲಸುವ ಕೊಕ್ಕೆಹುಳವೊಂದಿದೆ. ಅದು ದಿನವೂ ರಕ್ತವನ್ನು ಹೀರುವುದು. ಭತ್ತ ಬೆಳೆಯುವ ನಮ್ಮ ಕಲಘಟಗಿಯ ಕಡೆಗೆ ಇದರ ಮೇಲೆ ಕಣ್ಣಿಡುವುದು ಅಗತ್ಯ. ಹೊಲಕ್ಕೆ ಹೋಗುವಾಗ ಕಾಲ್ಮೆಟ್ಟು, ಬಯಲಿಗೆ ಹೋಗದೆ ಶೌಚಾಲಯ, ವೈದ್ಯರ ಸಲಹೆಯಂತೆ ಹುಳದ ಗುಳಿಗೆ: ಉಪಾಯವು ಇಷ್ಟೇ.

ಕೊರತೆಯು ಯಾವಾಗಲೂ ಕಬ್ಬಿಣದ್ದೇ ಅಲ್ಲ. ಈ ಮಾತನ್ನು ಲೋಕಕ್ಕೆ ತಿಳಿಸಿದ ಸಂಶೋಧನೆಯೊಂದು ನಡೆದುದು, ಆಗ ನಮ್ಮ ಧಾರವಾಡ ಜಿಲ್ಲೆಯು ಯಾವ ಪ್ರಾಂತಕ್ಕೆ ಸೇರಿತ್ತೋ ಅದರ ರಾಜಧಾನಿಯಾದ ಮುಂಬಯಿಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಅಲ್ಲಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರಿಗೆ ಬರುತ್ತಿದ್ದ ಭಯಂಕರವಾದ ರಕ್ತಹೀನತೆಯನ್ನು ಪರೀಕ್ಷಿಸತೊಡಗಿದಳು. ಯೀಸ್ಟಿನ ಅಗ್ಗವಾದ ಸಾರವನ್ನು ಕೊಟ್ಟರೆ ಅದು ವಾಸಿಯಾಗುವುದೆಂದು ಅವಳು 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ಗುಣದ್ರವ್ಯಕ್ಕೆ 1941ರಲ್ಲಿ ಫೋಲಿಕ್ ಆಮ್ಲವೆಂಬ ಹೆಸರು ಬಿದ್ದಿತು; ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎಂದರೆ ಎಲೆ, ಸೊಪ್ಪಿನಲ್ಲಿ ಅದು ಸಿಕ್ಕಿತೆಂಬ ಕಾರಣದಿಂದ. ಇಂದು ಬಸುರಿಯರಿಗೆ ಸರಕಾರವು ಕೊಡುವ ಗುಳಿಗೆಯಲ್ಲಿ ಕಬ್ಬಿಣದ ಜೊತೆಗೆ ಇರುವುದು ಅದೇ. ಇನ್ನು ಕುಡಗೋಲುಕಣದ ರೋಗವೆಂಬುದು ಬೇರೆ. ಹಿಮೋಗ್ಲೋಬಿನ್ನಿನ ರಚನೆಯಲ್ಲೇ ವಂಶದಿಂದ ಬಂದ ದೋಷದಿಂದ ಕಣಗಳು ಕುಡಗೋಲಿನಂತೆ ಬಾಗುವವು. ನಮ್ಮ ದೇಶದಲ್ಲಿ ಅದನ್ನು 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿ ಕಂಡರು. ಅದಕ್ಕೆ ಕಬ್ಬಿಣವು ಮದ್ದಲ್ಲ. ಆದುದರಿಂದ ಗುಳಿಗೆಯಿಂದ ಗುಣ ಕಾಣದಿದ್ದರೆ ಕಾರಣವನ್ನು ವೈದ್ಯರಿಂದ ಶೋಧಿಸಿಕೊಳ್ಳಬೇಕು.

ಬಸುರಿಯು ಈ ಗುಳಿಗೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿವಸ, ಹೆತ್ತ ಮೇಲೆ ಮತ್ತೆ 180 ದಿವಸ ನುಂಗತಕ್ಕದ್ದು. ನುಂಗದೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಡುವುದನ್ನು ನಾವು ಬಲ್ಲೆವು. ಮಲವು ಕಪ್ಪಾಗುವುದೆಂದು ಕೆಲವರು ಅಂಜುವರು. ಅದು ಒಳಗೆ ಹೀರದೆ ಉಳಿದ ಕಬ್ಬಿಣದ ಬಣ್ಣ, ಅಪಾಯವೇನಿಲ್ಲ. ಹೊಟ್ಟೆ ತೊಳಸಿದರೆ ಊಟವಾದ ಸ್ವಲ್ಪ ಹೊತ್ತಿಗೆ ಇಲ್ಲವೆ ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು. ಲಿಂಬೆಯ ಪಾನಕದೊಡನೆ ತೆಗೆದುಕೊಂಡರೆ ಚೆನ್ನಾಗಿ ಹೀರುವುದು. ಚಹದೊಡನೆ ತೆಗೆದುಕೊಂಡರೆ ಬಹುಪಾಲು ವ್ಯರ್ಥ. ಸುಣ್ಣದ, ಎಂದರೆ ಕ್ಯಾಲ್ಸಿಯಂ ಗುಳಿಗೆಯನ್ನು ಇದರೊಡನೆ ಕೂಡಿಸದೆ ಬೇರೆ ವೇಳೆಗೆ ನುಂಗಬೇಕು. ಉಂಡೊಡನೆ ಚಹ ಕುಡಿಯುವ ನಮ್ಮ ಕಡೆಯ ಚಾಳಿಯು ಊಟದಲ್ಲಿಯ ಕಬ್ಬಿಣಕ್ಕೂ ಶತ್ರು. ರಾಜಗಿರಿ, ಮೆಂತ್ಯ, ಮೊಳಕೆ ಬಂದ ಹೆಸರು ಮಡಕೆ ಕಾಳುಗಳು, ಹುರುಳಿ, ಗುರೆಳ್ಳಿನ ಚಟ್ನಿ ಇವೆಲ್ಲ ಒಳ್ಳೆಯವು. ಮಾಂಸಾಹಾರಿಗಳಿಗೆ ಯಕೃತ್ತೂ ಮೀನೂ ಇನ್ನೂ ಬೇಗ ಮೈಗೆ ಹತ್ತುವವು. ಹುಳಿ ಹಾಕಿದ ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಪಾತ್ರೆಯ ಕಬ್ಬಿಣವೂ ಅಷ್ಟಿಷ್ಟು ಇಳಿಯುವುದು. ಆದರೆ 6-7 ಗ್ರಾಮಿಗೆ ಇಳಿದವಳನ್ನು ಸೊಪ್ಪಿನಿಂದ ಏರಿಸುವೆವೆಂದು ಮನೆಯಲ್ಲಿಟ್ಟುಕೊಳ್ಳಬಾರದು. ಅಂತಹವರಿಗೆ ಸಿರೆಯ ಮೂಲಕ ಕಬ್ಬಿಣವನ್ನು ಕೊಡುವರು, ಇಲ್ಲವೆ ಹೆರಿಗೆಯು ಸಮೀಪಿಸಿದ್ದರೆ ರಕ್ತವನ್ನೇ ಕೊಡುವರು.

ಇನ್ನು ಕೂಸಿನ ಮಾತು. ತಾಯಿಯ ರಕ್ತವೂ ಕೂಸಿನ ರಕ್ತವೂ ಎಂದೂ ಬೆರೆಯವು. ಮಾಸಿನಲ್ಲಿ ತೆಳುವಾದ ಪೊರೆಯ ಆಚೆಈಚೆ ಹರಿಯುವವು. ಹಾಗಾದರೆ ತಾಯಿಯ ಚಕ್ಕಡಿಯಿಂದ ಕೂಸಿನ ಚಕ್ಕಡಿಗೆ ಸರಕು ಹೇಗೆ ಇಳಿಯಬೇಕು? ಕೂಸಿನ ಹಿಮೋಗ್ಲೋಬಿನ್ನೇ ಬೇರೆ ಬಗೆಯದು. ಆಮ್ಲಜನಕದ ಮೇಲೆ ಅದರ ಹಿಡಿತವು ತಾಯಿಯದಕ್ಕಿಂತ ಬಿಗಿ. ತಾಯಿಯದು ಬಿಟ್ಟುಕೊಡುವಲ್ಲಿ ಕೂಸಿನದು ಎಳೆದುಕೊಳ್ಳುವುದು. ಹುಟ್ಟಿ ಆರು ತಿಂಗಳಾಗುವಷ್ಟರಲ್ಲಿ ಇದು ಬಹುಮಟ್ಟಿಗೆ ಮಾಯವಾಗಿ ದೊಡ್ಡವರ ಹಿಮೋಗ್ಲೋಬಿನ್ನು ಬರುವುದು. ಮಗಳ ಚೊಚ್ಚಲಿಗೆ ಬಣ್ಣದ ಕಲಘಟಗಿಯ ತೊಟ್ಟಿಲನ್ನು ಒಯ್ಯುವ ತವರಿನವರು ಅದಕ್ಕೂ ಮುಂಚೆ ಆ ಮಗಳ ರಕ್ತಪರೀಕ್ಷೆಯ ಚೀಟಿಯನ್ನೊಮ್ಮೆ ಕೇಳಿ ನೋಡಿದರೆ ತೊಟ್ಟಿಲಿನ ಬೆಲೆಗಿಂತ ಹೆಚ್ಚಿನದನ್ನು ಕೊಟ್ಟಂತಾಗುವುದು.

ಹೆರಿಗೆಯಾದ ಮೇಲಿನ ಒಂದು ಅಪಾಯವನ್ನು ಹೇಳಿ ಮುಗಿಸುವೆವು. ಬಾಣಂತಿಯ ಕೋಣೆಯ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಹೊರಸಿನ ಕೆಳಗೆ ಇದ್ದಲಿಯ ಕೆಂಡದ ಶೆಗಡಿಯನ್ನು ಇಡುವ ವಾಡಿಕೆಯು ನಮ್ಮಲ್ಲುಂಟು. ಗಾಳಿ ಸಾಲದ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವು ಹೊರಡುವುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಹೊಗೆಯಿಲ್ಲ. ಹಿಮೋಗ್ಲೋಬಿನ್ನಿನ ಕಬ್ಬಿಣವು ಆಮ್ಲಜನಕಕ್ಕಿಂತ 200 ಪಟ್ಟು ಮಿಕ್ಕಿದ ಬಿಗಿತದಿಂದ ಇದನ್ನು ಹಿಡಿಯುವುದು. ಒಮ್ಮೆ ಇದು ಚಕ್ಕಡಿಯನ್ನೇರಿದರೆ ಗಂಟೆಗಟ್ಟಲೆ ಇಳಿಯದು. ಮೊದಲು ತಲೆನೋವು, ಓಕರಿಕೆ, ಮಂಪರು. ಆಮೇಲೆ ನಿದ್ದೆಯಲ್ಲೇ ಮರಣ. ಬಾಣಂತಿಗೆ ನಿದ್ದೆ ಹತ್ತಿತೆಂದು ಹೊರಗಿನವರು ಸಂತೋಷಪಟ್ಟಾರು. ಮೈ ಕಾಯಿಸಲೇಬೇಕೆಂದಿದ್ದರೆ ಬಿಸಿನೀರಿನ ಚೀಲವುಂಟು, ಕಂಬಳಿಯುಂಟು. ಮುಚ್ಚಿದ ಕೋಣೆಯೊಳಗೆ ಕೆಂಡವು ಸರ್ವಥಾ ಕೂಡದು. ಯಾರಿಗಾದರೂ ಹೀಗಾದ ಸಂಶಯ ಬಂದರೆ ಒಡನೆ ತಾಯಿ-ಕೂಸುಗಳನ್ನು ಬಯಲಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಶುದ್ಧ ಆಮ್ಲಜನಕವೇ ಇದಕ್ಕೆ ಔಷಧ. ಬೆರಳಿಗೆ ಆಕ್ಸಿಮೀಟರನ್ನು ಕಚ್ಚಿಸಿ ನೋಡುತ್ತ ಕೂಡ್ರಬಾರದು. ಮೊನಾಕ್ಸೈಡು ಹಿಡಿದ ಹಿಮೋಗ್ಲೋಬಿನ್ನೂ ಹೊಳೆಯುವ ಕೆಂಪೇ ಆದುದರಿಂದ ಯಂತ್ರಕ್ಕೆ ಭೇದ ತಿಳಿಯದು. ಪ್ರಾಣ ಹೋಗುತ್ತಿರುವಾಗಲೂ ಅದು 98 ಎಂದೇ ತೋರಿಸುತ್ತಿರಬಹುದು.